ಕಬ್ಬಿಗೆರೆಯಿಂದ ತಿರುಮಣಿಗೆ: ತುಮಕೂರು ಜಿಲ್ಲೆಯ ಉತ್ತರ ತಾಲ್ಲೂಕುಗಳ ಇಂಧನ ಚರಿತ್ರೆ

ಹುಲಿಕುಂಟೆ ಹೋಬಳಿಯನ್ನು ಒಳಗೊಂಡ ಶಿರಾ, ಅದರ ನೆರೆಯ ಮಧುಗಿರಿ ಮತ್ತು ಕೊರಟಗೆರೆ, ಆಂಧ್ರಪ್ರದೇಶದೊಳಕ್ಕೆ ಚಾಚಿಕೊಂಡಿರುವ ಪಾವಗಡ, ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯ ಉತ್ತರ ಮತ್ತು ಈಶಾನ್ಯ ಭಾಗವನ್ನು ವ್ಯಾಪಿಸಿವೆ. ಇತಿಹಾಸಕಾರರಿಗೆ ಇದು ಅಪರಿಚಿತ ನೆಲವಲ್ಲ. ನಿಡುಗಲ್ಲಿನ ಚೋಳರು, 1687ರ ನಂತರ ಮೊಘಲ್ ಸುಬಾದ ಕೇಂದ್ರವಾದ ಶಿರಾ, ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆ, ಪಾಳೆಯಗಾರರ ಮನೆತನಗಳು ಇವೆಲ್ಲ ಶಾಸನ, ಕೈಫಿಯತ್ತು ಹಾಗೂ ಗ್ಯಾಸೆಟಿಯರುಗಳ ನೆರವಿನಿಂದ ಸಾಕಷ್ಟು ಚರ್ಚೆಗೆ ಒಳಗಾಗಿವೆ. ಆದರೆ ಇಲ್ಲಿನ ಜನ ಏನನ್ನು ಉರಿಸಿ ಅಡುಗೆ ಮಾಡಿದರು, ಯಾವ ಶಕ್ತಿಯಿಂದ ನೀರೆತ್ತಿದರು, ದೀಪ ಹಚ್ಚಿದರು ಎಂಬ ವಿಷಯ ಮಾತ್ರ ಚರಿತ್ರೆಯ ಕಕ್ಷೆಯಿಂದ ಹೊರಗೇ ಉಳಿದಿದೆ. ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ತಗ್ಗಿಸುವ ಕಾರ್ಯ ಇಂದು ಜಗತ್ತಿನ ರಾಷ್ಟ್ರಗಳ ನಡುವಿನ ರಾಜಕಾರಣದ ಮುಖ್ಯ ವಿಷಯವಾಗಿರುವಾಗ, ಆ ಕಾರ್ಯದ ಎರಡು ದೊಡ್ಡ ಪ್ರಯೋಗಗಳು ಇದೇ ತಾಲ್ಲೂಕುಗಳಲ್ಲಿ ನಡೆದವೆಂಬುದು ಗಮನಾರ್ಹ. ಒಂದು, ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯ ಕಟ್ಟಿಗೆ-ಅನಿಲ ವಿದ್ಯುತ್ ಘಟಕ. ಇನ್ನೊಂದು, ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಲಿನ ಸೋಲಾರ್ ಪಾರ್ಕ್. ಇವೆರಡರ ಚರಿತ್ರೆಯನ್ನು ಒಟ್ಟಿಗಿಟ್ಟು ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಸ್ಥಳನಾಮಗಳ ಕಡೆ ಗಮನ ಹರಿಸಬಹುದು. ಹುಲಿಕುಂಟೆ, ಕೊರಟಗೆರೆ, ಕಬ್ಬಿಗೆರೆ ಇವು ಕುಂಟೆ ಹಾಗೂ ಕೆರೆ ಎಂಬ ವಾರ್ಗಿಕಗಳನ್ನು ಹೊತ್ತ ಹೆಸರುಗಳು. ಸೋಲಾರ್ ಪಾರ್ಕ್ ವ್ಯಾಪಿಸಿರುವ ಐದು ಗ್ರಾಮಗಳೆಂದರೆ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು. ಇವುಗಳಲ್ಲಿ 'ಸಮುದ್ರ' ಎಂಬುದು ದೊಡ್ಡ ಕೆರೆಯನ್ನು ಸೂಚಿಸುವ, ಶಾಸನಗಳಲ್ಲಿ ಹೇರಳವಾಗಿ ದೊರೆಯುವ ಪದ. 'ಚೆರ್ಲು' ಎಂಬುದು ಕೆರೆ ಎಂಬ ಅರ್ಥದ ತೆಲುಗಿನ 'ಚೆರುವು' ಶಬ್ದದ ಬಹುವಚನ ರೂಪವೆಂದು ತಿಳಿಯಬಹುದು. ಅಂದರೆ ಐದರಲ್ಲಿ ಮೂರು ಊರುಗಳು ಮಳೆನೀರನ್ನು ಹಿಡಿದಿಟ್ಟ ನೆನಪನ್ನೇ ಹೆಸರಾಗಿ ಹೊತ್ತಿವೆ. ವರ್ಷಕ್ಕೆ ಸುಮಾರು 500ರಿಂದ 600 ಮಿ.ಮೀ. ಮಳೆ ಬೀಳುವ, ಅದೂ ಬಾರದ ವರ್ಷಗಳೇ ಹೆಚ್ಚೆನ್ನಬಹುದಾದ ಸೀಮೆಯಲ್ಲಿ ನೀರೇ ಊರಿಗೆ ಹೆಸರು ಕೊಟ್ಟದ್ದು ಸಹಜ. ಬಿಸಿಲು ಇಲ್ಲಿ ಯಾವ ಊರಿಗೂ ಹೆಸರು ಕೊಟ್ಟಂತಿಲ್ಲ; ಅದಕ್ಕೆ ಬೆಲೆ ಬಂದದ್ದು 21ನೆಯ ಶತಮಾನದಲ್ಲಿ.

ಹಿಂದಿನ ಕಾಲದ ಇಂಧನವೆಂದರೆ ಕಟ್ಟಿಗೆ, ಬೆರಣಿ ಮತ್ತು ಇದ್ದಿಲು. ಕ್ರಿ.ಶ. 1800ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿಯ ಆಸುಪಾಸಿನಲ್ಲಿ ಕಪ್ಪು ಮರಳನ್ನು ಇದ್ದಿಲಿನಿಂದ ಕಾಯಿಸಿ ಕಬ್ಬಿಣ ತೆಗೆಯುವ ಕುಲುಮೆಗಳನ್ನು ಕಂಡು ವರ್ಣಿಸಿದ್ದಾನೆ. ಬೆಟ್ಟಗುಡ್ಡಗಳ ಕುರುಚಲು ಕಾಡು ಆ ಕುಲುಮೆಗಳಿಗೂ ಊರಿನ ಒಲೆಗಳಿಗೂ ಒಂದೇ ಆಸರೆಯಾಗಿತ್ತು. ಕುಲುಮೆಗಳು ಆರಿದ ಮೇಲೂ ಒಲೆಗಳ ಬೇಡಿಕೆ ನಿಲ್ಲಲಿಲ್ಲ. ಕಾಡು ತೆಳುವಾದಂತೆ ಅದರ ಜಾಗವನ್ನು ಬಳ್ಳಾರಿ ಜಾಲಿ ಆಕ್ರಮಿಸಿತು. ಕಟ್ಟಿಗೆ ಹೊರುವ ಹೊರೆ ಹೆಂಗಸರ ತಲೆಯ ಮೇಲೆಯೇ ಉಳಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿನ ಅಭಾವದಿಂದಾಗಿ ಇದ್ದಿಲಿನ ಅನಿಲದಿಂದ ಬಸ್ಸು ಓಡಿಸುವ ಪದ್ಧತಿ ನಾಡಿನಲ್ಲೆಲ್ಲ ಬಂದಿತ್ತು. ಬಸ್ಸಿನ ಹಿಂಬದಿಯ ಡ್ರಮ್ಮಿನಲ್ಲಿ ಇದ್ದಿಲನ್ನು ಅರೆಬರೆ ಉರಿಸಿ, ಹೊರಬಂದ ಅನಿಲವನ್ನು ಎಂಜಿನ್ನಿಗೆ ಊಡಿಸುತ್ತಿದ್ದರು. ಹಳೆಯ ತಲೆಮಾರಿನವರ ನೆನಪಿನಲ್ಲಿದ್ದ ಈ ತಂತ್ರವೇ, ಬಹಳಷ್ಟು ಪರಿಷ್ಕಾರಗೊಂಡು, ಮುಂದೆ ಕಬ್ಬಿಗೆರೆಗೆ ಬಂದಿತೆಂಬುದನ್ನು ಇಲ್ಲಿಯೇ ಹೇಳಿಡಬಹುದು.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಮೈಸೂರು ಸಂಸ್ಥಾನದ ವಿದ್ಯುತ್ ಚರಿತ್ರೆ ನೀರಿನ ಚರಿತ್ರೆಯೇ ಆಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅನಂತರ ಜೋಗ, 1960ರ ದಶಕದಲ್ಲಿ ಶರಾವತಿ. 1985ರಲ್ಲಿ ರಾಯಚೂರು ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾಗುವವರೆಗೆ ರಾಜ್ಯದ ಸಾರ್ವಜನಿಕ ವಿದ್ಯುತ್ ಹೆಚ್ಚುಕಡಿಮೆ ಪೂರ್ತಿಯಾಗಿ ಜಲಮೂಲದ್ದೇ. ಕರ್ನಾಟಕದ ಮಟ್ಟಿಗೆ ವಿದ್ಯುತ್ ವಲಯದ ಹಸಿರುಮನೆ ಅನಿಲಗಳ ಲೆಕ್ಕ ನಿಜವಾಗಿ ಶುರುವಾಗುವುದು ಈ 1985ರಿಂದಲೇ ಎನ್ನಬೇಕು. ರಾಯಚೂರಿನ ಎಂಟು ಘಟಕಗಳ ಒಟ್ಟು ಸಾಮರ್ಥ್ಯ ಮುಂದೆ 1,720 ಮೆಗಾವ್ಯಾಟಿಗೆ ಏರಿತು. ಬಳ್ಳಾರಿ, ಯರಮರಸ್‌ಗಳ ಘಟಕಗಳು ಅದರ ಬೆನ್ನಿಗೆ ಬಂದವು.

ಕಲ್ಲಿದ್ದಲು ಬೇಕಾದದ್ದು ಬೆಂಗಳೂರಿನ ಕಾರ್ಖಾನೆಗಳಿಗಷ್ಟೇ ಎಂದು ತಿಳಿಯಲಾಗದು. ನಮ್ಮ ನಾಲ್ಕು ತಾಲ್ಲೂಕುಗಳಂಥ ಬಯಲುಸೀಮೆಯಲ್ಲಿ ಕೆರೆಗಳು ಹೂಳು ತುಂಬಿ ಸೋತಾಗ ಬಾವಿ ಬಂತು, ಬಾವಿ ಬತ್ತಿದಾಗ ಕೊಳವೆಬಾವಿ ಬಂತು, ಕೊಳವೆಬಾವಿ ಆಳಕ್ಕೆ ಇಳಿದಂತೆಲ್ಲ ಪಂಪ್‌ಸೆಟ್ಟಿನ ಅಶ್ವಶಕ್ತಿ ಏರಿತು. ರಾಜ್ಯದ ಒಟ್ಟು ವಿದ್ಯುತ್ ಬಳಕೆಯಲ್ಲಿ ನೀರಾವರಿ ಪಂಪ್‌ಸೆಟ್ಟುಗಳ ಪಾಲು ಸುಮಾರು ಮೂರನೆಯ ಒಂದು ಭಾಗಕ್ಕೆ ಮುಟ್ಟಿತು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ದರ ವಿನಾಯಿತಿ ನೀಡಿದ ನೀತಿಯನ್ನು ಅರ್ಥಶಾಸ್ತ್ರಜ್ಞರು ಟೀಕಿಸಿದ್ದಾರೆ. ಆ ಟೀಕೆಯಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಕೆರೆಯ ನೀರು ತನ್ನಷ್ಟಕ್ಕೆ ತೂಬಿನಿಂದ ಗದ್ದೆಗೆ ಇಳಿಯುತ್ತಿತ್ತು, ಅದಕ್ಕೆ ಇಂಧನದ ಖರ್ಚು ಇರಲಿಲ್ಲ ಎಂಬುದನ್ನು ಆ ಲೆಕ್ಕಗಳಲ್ಲಿ ಯಾರೂ ಸೇರಿಸಿದಂತೆ ತೋರುವುದಿಲ್ಲ. ಕೆರೆಯ ಅವನತಿಯೇ ಈ ಸೀಮೆಯ ಕೃಷಿಯನ್ನು ಪರೋಕ್ಷವಾಗಿ ಕಲ್ಲಿದ್ದಲಿಗೆ ಕಟ್ಟಿಹಾಕಿತೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ಇದೇ ಕಾಲಘಟ್ಟದಲ್ಲಿ ಜಿಲ್ಲೆಯ ದಕ್ಷಿಣ ತುದಿಯಲ್ಲಿ ಬೇರೊಂದು ಆಲೋಚನೆ ಬೇರೂರುತ್ತಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ವಿಜ್ಞಾನಿ ಅಮೂಲ್ಯ ಕೆ. ಎನ್. ರೆಡ್ಡಿಯವರು 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ಸ್ಥಾಪಿಸಿದ 'ಅಸ್ತ್ರ' ಕೇಂದ್ರವು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವನ್ನು ತನ್ನ ಕಾರ್ಯಕ್ಷೇತ್ರವಾಗಿ ಆರಿಸಿಕೊಂಡಿತು. ಹಳ್ಳಿಯೊಂದು ಒಂದು ದಿನಕ್ಕೆ ಎಷ್ಟು ಕಟ್ಟಿಗೆ, ಎಷ್ಟು ಸೀಮೆಎಣ್ಣೆ, ಎಷ್ಟು ಮಾನವಶ್ರಮ, ಎಷ್ಟು ಎತ್ತಿನ ದುಡಿಮೆ ಬಳಸುತ್ತದೆಂಬುದನ್ನು ಮನೆಮನೆಗೆ ಹೋಗಿ ತೂಗಿ ಅಳೆದ ಅಧ್ಯಯನಗಳು ಅಲ್ಲಿ ನಡೆದವು. ಕಡಿಮೆ ಕಟ್ಟಿಗೆ ಬೇಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ 'ಅಸ್ತ್ರ ಒಲೆ' ಅಲ್ಲಿಂದ ರಾಜ್ಯದ ಹಳ್ಳಿಗಳಿಗೆ ಹರಡಿತು. ಪುರ ಗ್ರಾಮದಲ್ಲಿ 1987ರಿಂದ ಊರ ದನಗಳ ಸಗಣಿಯಿಂದ ಬಂದ ಗೋಬರ್ ಅನಿಲವು ಎಂಜಿನ್ ಓಡಿಸಿ ಕುಡಿಯುವ ನೀರನ್ನೂ ದೀಪವನ್ನೂ ಒದಗಿಸಿತು. 1988ರಲ್ಲಿ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯನ್ನು ಅನಿಲವಾಗಿಸುವ ಪುಟ್ಟ ಯಂತ್ರ ಕೂತಿತು.

ಹೊಸಹಳ್ಳಿಯ ದಾಖಲೆ ವಿಶೇಷವಾಗಿ ಬೆಲೆಯುಳ್ಳದ್ದು. ಎನ್. ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 20 ಕಿಲೋವ್ಯಾಟಿನ ಆ ಘಟಕ ಹದಿನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ನಡೆದು ದೀಪ, ಕೊಳಾಯಿ ನೀರು, ನೀರಾವರಿ ಹಾಗೂ ಹಿಟ್ಟಿನ ಗಿರಣಿಗೆ ಶಕ್ತಿ ಒದಗಿಸಿತು. ಕೊನೆಯ ಆರು ವರ್ಷಗಳಲ್ಲಿ ಶೇ. 85ಕ್ಕೂ ಹೆಚ್ಚು ದಿನ ದೀಪ ಮತ್ತು ನೀರು ತಪ್ಪಲಿಲ್ಲ. ಸರ್ಕಾರಿ ಲೈನಿನ ಮೇಲೆ ನಂಬಿಕೆ ಕಳೆದುಕೊಂಡಿದ್ದ ಅಂದಿನ ಹಳ್ಳಿಗಳಿಗೆ ಇದು ಸಣ್ಣ ಮಾತಲ್ಲ. ಅದೇ ಅಧ್ಯಯನದ ಇನ್ನೊಂದು ಅಂಕಿ ಮುಂದಿನ ಕಥೆಗೆ ಕೀಲಿಯಂತಿದೆ: ಘಟಕದ ಮೇಲಿನ ಬೇಡಿಕೆ 5 ಕಿಲೋವ್ಯಾಟ್ ಇದ್ದಾಗ ಯೂನಿಟ್ ಒಂದಕ್ಕೆ ಇಂಧನ ಮತ್ತು ನಿರ್ವಹಣೆಯ ವೆಚ್ಚ ರೂ. 5.85 ತಗಲುತ್ತಿತ್ತು, ಬೇಡಿಕೆ 20 ಕಿಲೋವ್ಯಾಟಿಗೆ ಏರಿದರೆ ಅದು ರೂ. 3.34ಕ್ಕೆ ಇಳಿಯುತ್ತಿತ್ತು. ಕೆಲವೇ ಬಲ್ಬುಗಳ ಹಳ್ಳಿಯಲ್ಲಿ ಯಂತ್ರ ಅರೆಹೊಟ್ಟೆಯಲ್ಲಿ ದುಡಿಯುತ್ತದೆ, ಆಗ ವಿದ್ಯುತ್ ದುಬಾರಿಯಾಗುತ್ತದೆ. ಇದರಿಂದ ಹುಟ್ಟಿದ ತೀರ್ಮಾನ ಸರಳ: ಘಟಕವನ್ನು ಗ್ರಿಡ್‌ಗೆ ಜೋಡಿಸಿದರೆ ಅದು ಪೂರ್ಣ ಹೊರೆಯಲ್ಲಿ ನಡೆಯಬಲ್ಲದು.

ರೆಡ್ಡಿಯವರ ಚಿಂತನೆ ಒಲೆ ಮತ್ತು ಎಂಜಿನ್ನಿಗೆ ಸೀಮಿತವಾಗಿರಲಿಲ್ಲ. 1991ರಲ್ಲಿ ಅವರು ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಕರ್ನಾಟಕದ ವಿದ್ಯುತ್ ಮುನ್ನೋಟವು, ಎಷ್ಟು ವಿದ್ಯುತ್ ಬೇಕೆಂದು ಕೇಳುವ ಮೊದಲು ಯಾರಿಗೆ, ಯಾವ ಕೆಲಸಕ್ಕೆ ಬೇಕೆಂದು ಕೇಳಿತು. ಎಲ್ಲ ಮನೆಗಳಿಗೂ ದೀಪ, ದಕ್ಷವಾದ ಪಂಪ್‌ಸೆಟ್ಟು, ವಿಕೇಂದ್ರಿತ ಮೂಲಗಳು ಇವುಗಳಿಂದ ಸರ್ಕಾರಿ ಯೋಜನೆ ಹೇಳುತ್ತಿದ್ದುದಕ್ಕಿಂತ ಬಹಳ ಕಡಿಮೆ ಉತ್ಪಾದನೆಯಲ್ಲೇ ರಾಜ್ಯದ ಅಗತ್ಯ ಪೂರೈಸಬಹುದೆಂದು ಅದು ವಾದಿಸಿತು. ಹವಾಮಾನ ಬದಲಾವಣೆಯ ಚೌಕಟ್ಟು ಒಪ್ಪಂದಕ್ಕೆ ರಾಷ್ಟ್ರಗಳು ಸಹಿ ಹಾಕಿದ್ದು 1992ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, ಇಂಗಾಲದ ಮಾತನ್ನು ಮುಂದಿಡದೆಯೇ, ಇಂಗಾಲ ಕಡಿಮೆ ಮಾಡುವ ದಾರಿಯೊಂದು ನಮ್ಮ ರಾಜ್ಯದ ಕಾಗದದ ಮೇಲಿತ್ತು. ಅದು ಕಾಗದದಲ್ಲಿಯೇ ಉಳಿಯಿತು.

ಹೀಗೆ ಕುಣಿಗಲ್ ಸೀಮೆಯಲ್ಲಿ ಪಕ್ವವಾದ ಪ್ರಯೋಗ ಜಿಲ್ಲೆಯ ಉತ್ತರಕ್ಕೆ ಬಂದದ್ದು 'ಗ್ರಾಮೀಣ ಭಾರತಕ್ಕೆ ಜೈವಿಕ ಇಂಧನ' ಎಂಬ ಯೋಜನೆಯ ಮೂಲಕ. ಬೆರಿ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಚಲಿತವಾದ ಈ ಯೋಜನೆ 2001ರಲ್ಲಿ ಆರಂಭವಾಯಿತು. ಜಾಗತಿಕ ಪರಿಸರ ನಿಧಿ ಹಾಗೂ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಹಣಕಾಸಿನ ನೆರವು ನೀಡಿದವು. ರಾಜ್ಯ ಸರ್ಕಾರದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಅನುಷ್ಠಾನದ ಹೊಣೆ ಹೊತ್ತಿತು. ಯಂತ್ರದ ವಿನ್ಯಾಸ ಭಾರತೀಯ ವಿಜ್ಞಾನ ಸಂಸ್ಥೆಯದು. ಜಿಲ್ಲೆಯ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಗುಚ್ಛಗಳಾಗಿ ಆರಿಸಿಕೊಂಡು, ಗೋಮಾಳ ಹಾಗೂ ಹಾಳುಬಿದ್ದ ಅರಣ್ಯಭೂಮಿಯಲ್ಲಿ ನೆಡುತೋಪು, ಗೋಬರ್ ಅನಿಲ ಸ್ಥಾವರ, ಸ್ವಸಹಾಯ ಸಂಘ, ಗ್ರಾಮ ಅರಣ್ಯ ಸಮಿತಿ ಇವೆಲ್ಲವನ್ನೂ ಒಂದೇ ಸೂರಿನಡಿ ತರಲು ಯೋಜಿಸಲಾಯಿತು. ಮರ ಬೆಳೆಯುವಾಗ ಹೀರಿಕೊಂಡ ಇಂಗಾಲವೇ ಉರಿಯುವಾಗ ಹೊರಬರುತ್ತದೆ, ಕಡಿದಷ್ಟನ್ನು ಮತ್ತೆ ಬೆಳೆಸಿದರೆ ವಾತಾವರಣಕ್ಕೆ ಹೊಸ ಹೊರೆ ಇಲ್ಲ ಎಂಬುದು ಇದರ ಹಿಂದಿನ ತರ್ಕ. ತರ್ಕದ ಬಲವೆಲ್ಲ 'ಮತ್ತೆ ಬೆಳೆಸಿದರೆ' ಎಂಬ ಒಂದು ಮಾತಿನ ಮೇಲೆ ನಿಂತಿದೆ.

ಕಬ್ಬಿಗೆರೆಯ ಘಟಕ 2007ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿತು. ಗ್ರಾಮ ಪಂಚಾಯತಿಯ ಮಟ್ಟದ ಘಟಕವೊಂದು ಬೆಸ್ಕಾಂ ಜಾಲಕ್ಕೆ ವಿದ್ಯುತ್ ಮಾರುತ್ತಿದೆಯೆಂಬುದು ಅಂದು ದೊಡ್ಡ ಸುದ್ದಿಯಾಯಿತು. ಮೂರು ಸ್ಥಳಗಳಲ್ಲಿ ಸೇರಿ ಯೋಜನೆಯ ಸ್ಥಾಪಿತ ಸಾಮರ್ಥ್ಯ 0.88 ಮೆಗಾವ್ಯಾಟ್. ಆದರೆ ಕೆಲವೇ ದಿನಗಳಲ್ಲಿ ತೊಡಕುಗಳು ಕಾಣಿಸಿಕೊಂಡವು. ವಿಜ್ಞಾನ ಸಂಸ್ಥೆಯ ತಂತ್ರಜ್ಞರೇ 2011ರಲ್ಲಿ ಪ್ರಕಟಿಸಿದ ವರದಿ, 100 ಕಿಲೋವ್ಯಾಟಿನ ಘಟಕವೊಂದು ನಿರೀಕ್ಷಿತ ಮಟ್ಟದಲ್ಲಿ ನಡೆಯುತ್ತಿರಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಅವರು ಸ್ವತಃ ಹೊಣೆ ಹೊತ್ತು ಅದನ್ನು ಒಂದು ಸಾವಿರ ಗಂಟೆಗೂ ಮೀರಿ ನಡೆಸಿ ತೋರಿಸಿದರು. 1,035 ಗಂಟೆಗಳಲ್ಲಿ 111 ಟನ್ ಕಟ್ಟಿಗೆ ಖರ್ಚಾಗಿ 80.6 ಮೆಗಾವ್ಯಾಟ್-ಗಂಟೆ, ಅಂದರೆ 80,600 ಯೂನಿಟ್ ವಿದ್ಯುತ್ ದೊರೆಯಿತು. ಯೂನಿಟ್ ಒಂದಕ್ಕೆ ಸುಮಾರು 1.36 ಕಿಲೋ ಕಟ್ಟಿಗೆ, ದಕ್ಷತೆ ಶೇ. 18ರಷ್ಟು. ಈ ಅವಧಿಯಲ್ಲಿ ಸುಮಾರು 70 ಗಂಟೆ ಗ್ರಿಡ್ ಇರಲಿಲ್ಲ. ಬಳಿಕ ಸ್ಥಳೀಯರ ತಂಡವೂ ಮತ್ತೊಂದು ಸಾವಿರ ಗಂಟೆ ನಡೆಸಿತು. ಅಂದರೆ ಯಂತ್ರ ಕೆಟ್ಟದ್ದಾಗಿರಲಿಲ್ಲ, ನಡೆಸುವ ಕೈಗಳೂ ಊರಿನಲ್ಲಿ ಸಿದ್ಧವಾದವು.

ಹಾಗಾದರೆ ಸೋತದ್ದು ಯಾವುದು? ಉತ್ತರ ದರಪಟ್ಟಿಯಲ್ಲಿದೆ. ಜೈವಿಕ ಇಂಧನದ ವಿದ್ಯುತ್ತಿಗೆ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2005ರಲ್ಲಿ ನಿಗದಿ ಮಾಡಿದ್ದ ದರ ಯೂನಿಟ್‌ಗೆ ರೂ. 2.85. ಕಟ್ಟಿಗೆ ಕಿಲೋಗೆ ಎರಡು ರೂಪಾಯಿಯೆಂದು ಇಟ್ಟುಕೊಂಡರೂ 1.36 ಕಿಲೋಗೆ ರೂ. 2.72 ಆಗುತ್ತದೆ. ಕಟ್ಟಿಗೆ ಸೀಳುವವರಿಗೆ, ಒಣಗಿಸುವವರಿಗೆ, ಯಂತ್ರ ನೋಡಿಕೊಳ್ಳುವವರಿಗೆ, ಬಿಡಿಭಾಗಗಳಿಗೆ ಉಳಿಯುವುದು 13 ಪೈಸೆ. ಹತ್ತಾರು ಮೆಗಾವ್ಯಾಟಿನ ದೊಡ್ಡ ಸ್ಥಾವರಗಳಿಗೆ ಮಾಡಿದ ದರವನ್ನೇ ಪಂಚಾಯತಿಯ ಪುಟ್ಟ ಘಟಕಕ್ಕೂ ತೊಡಿಸಿದ್ದರಿಂದ ಹೀಗಾಯಿತು. ನೆಡುತೋಪಿನ ಕಟ್ಟಿಗೆ ಊರಿನ ಒಲೆಗೆ ಹೋಗಬೇಕೆ, ಗಿರಾಕಿಗೆ ಹೋಗಬೇಕೆ, ಘಟಕಕ್ಕೆ ಹೋಗಬೇಕೆ ಎಂಬ ಪ್ರಶ್ನೆಯೂ ಇದರೊಡನೆ ಎದ್ದಿತು. ಇನ್ನೊಂದು ವಿಪರ್ಯಾಸವನ್ನೂ ಗಮನಿಸಬೇಕು. ಗ್ರಿಡ್‌ಗೆ ಜೋಡಿಸಿದ ಘಟಕ, ಗ್ರಿಡ್ ನಿಂತಾಗ ತಾನೂ ನಿಲ್ಲಬೇಕು. ಹೊಸಹಳ್ಳಿಯ ಯಂತ್ರ ಹೊರಗಿನ ಲೈನು ಹೋದರೂ ಊರಿಗೆ ಬೆಳಕು ಕೊಡುತ್ತಿತ್ತು; ಕಬ್ಬಿಗೆರೆಯದು ಹೆಚ್ಚು ದೊಡ್ಡದಾಗಿದ್ದೂ ಆ ಗುಣವನ್ನು ಕಳೆದುಕೊಂಡಿತು. 2012ರಲ್ಲಿ ಯೋಜನೆಯ ಅವಧಿ ಮುಗಿಯಿತು.

ಅಷ್ಟರಲ್ಲಿ ದೇಶದ ನೀತಿಯ ದಿಕ್ಕೇ ಬದಲಾಗಿತ್ತು. 2008ರ ಜೂನ್ 30ರಂದು ಪ್ರಕಟವಾದ ಹವಾಮಾನ ಬದಲಾವಣೆಯ ರಾಷ್ಟ್ರೀಯ ಕ್ರಿಯಾಯೋಜನೆಯ ಎಂಟು ಅಭಿಯಾನಗಳಲ್ಲಿ ಸೌರ ಅಭಿಯಾನ ಮೊದಲಿನದು. 2010ರ ಜನವರಿಯಲ್ಲಿ ಅದು ಜಾರಿಗೆ ಬಂದಾಗ 2022ರ ಗುರಿ 20,000 ಮೆಗಾವ್ಯಾಟ್. 2015ರಲ್ಲಿ ಅದನ್ನು ಒಂದು ಲಕ್ಷಕ್ಕೆ ಏರಿಸಲಾಯಿತು. 2014ರ ಡಿಸೆಂಬರಿನಲ್ಲಿ 500 ಮೆಗಾವ್ಯಾಟ್ ಮತ್ತು ಮೇಲ್ಪಟ್ಟ ಸೋಲಾರ್ ಪಾರ್ಕುಗಳ ಯೋಜನೆ ಬಂತು. ಪ್ಯಾರಿಸ್ ಒಪ್ಪಂದದ ಸಂದರ್ಭದಲ್ಲಿ ಭಾರತ ತನ್ನ ಆರ್ಥಿಕತೆಯ ಹೊರಸೂಸುವಿಕೆಯ ತೀವ್ರತೆಯನ್ನು 2005ರ ಮಟ್ಟಕ್ಕಿಂತ ಶೇ. 33ರಿಂದ 35ರಷ್ಟು ತಗ್ಗಿಸುವ ಮಾತು ಕೊಟ್ಟಿತು. 2022ರಲ್ಲಿ ಅದನ್ನು ಶೇ. 45ಕ್ಕೆ ಹೆಚ್ಚಿಸಿತು. ಇಂಥ ಮಾತನ್ನು ಪಂಚಾಯತಿಯ 100 ಕಿಲೋವ್ಯಾಟಿನ ಘಟಕಗಳಿಂದ ಉಳಿಸಿಕೊಳ್ಳಲಾಗದೆಂದು ದೆಹಲಿಗೆ ತೋರಿದ್ದರಲ್ಲಿ ಆಶ್ಚರ್ಯವಿಲ್ಲ.

ಕೇಂದ್ರದ ಸೌರಶಕ್ತಿ ನಿಗಮ ಹಾಗೂ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತಗಳ ಜಂಟಿ ಸಂಸ್ಥೆಯಾಗಿ ಕರ್ನಾಟಕ ಸೌರಶಕ್ತಿ ಅಭಿವೃದ್ಧಿ ನಿಗಮ 2015ರಲ್ಲಿ ಸ್ಥಾಪನೆಯಾಯಿತು. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ಸುಮಾರು 13,000 ಎಕರೆ ಭೂಮಿಯನ್ನು ಅದು ಒಟ್ಟುಗೂಡಿಸಿತು. ಇಲ್ಲಿ ಅನುಸರಿಸಿದ ಕ್ರಮ ಚರಿತ್ರಾರ್ಹವಾದದ್ದು. ಭೂಸ್ವಾಧೀನ ಮಾಡಲಿಲ್ಲ, ಖರೀದಿಸಲೂ ಇಲ್ಲ. ರೈತರಿಂದ 28 ವರ್ಷಗಳ ಅವಧಿಗೆ ಗುತ್ತಿಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ ರೂ. 21,000, ಎರಡು ವರ್ಷಕ್ಕೊಮ್ಮೆ ಶೇ. 5ರ ಹೆಚ್ಚಳ. ಎರಡು ಸಾವಿರಕ್ಕೂ ಮೀರಿದ ರೈತರು ಒಪ್ಪಂದಕ್ಕೆ ಬಂದರು. ನಿಗಮ ಆ ಭೂಮಿಯನ್ನು 250 ಎಕರೆಯ, 50 ಮೆಗಾವ್ಯಾಟಿನ ತುಂಡುಗಳಾಗಿ ವಿಂಗಡಿಸಿ, ರಸ್ತೆ ಮತ್ತು ಉಪಕೇಂದ್ರ ಕಟ್ಟಿ, ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಒಪ್ಪಿಸಿತು.

ಉಳುವವನಿಗೇ ಹೊಲವೆಂಬ ಘೋಷಣೆಯೊಡನೆ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಗೇಣಿ ಪದ್ಧತಿಯನ್ನು ರದ್ದುಗೊಳಿಸಿದ ರಾಜ್ಯ ನಮ್ಮದು. ಅದೇ ರಾಜ್ಯದಲ್ಲಿ ಸಣ್ಣ ಹಿಡುವಳಿದಾರ ಗುತ್ತಿಗೆ ಕೊಡುವವನಾಗಿ, ಸರ್ಕಾರದ ನಿಗಮವೇ ಗುತ್ತಿಗೆದಾರನಾಗಿ ನಿಂತ ಪಾರ್ಕನ್ನು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಉದ್ಘಾಟಿಸಿದ್ದು 2018ರ ಮಾರ್ಚ್ 1ರಂದು. ದಿನಾಂಕಗಳ ಹೊಂದಿಕೆ ಆಕಸ್ಮಿಕ. ಆದರೂ ಭೂಸಂಬಂಧಗಳ ಚರಿತ್ರೆ ಬರೆಯುವವರು ಈ ನಲವತ್ತನಾಲ್ಕು ವರ್ಷಗಳ ಅಂತರವನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು. 'ಶಕ್ತಿಸ್ಥಳ'ವೆಂದು ಹೆಸರಿಟ್ಟ ಈ ಪಾರ್ಕು 2019ರ ಕೊನೆಯ ವೇಳೆಗೆ 2,050 ಮೆಗಾವ್ಯಾಟಿನ ಪೂರ್ಣ ಸಾಮರ್ಥ್ಯ ತಲುಪಿ, ಆ ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕುಗಳ ಸಾಲಿಗೆ ಸೇರಿತು. ರಾಜಸ್ಥಾನದ ಭಡ್ಲಾ ಅನಂತರ ಅದನ್ನು ಮೀರಿಸಿತು.

ರೈತರು ಒಪ್ಪಿದ್ದೇಕೆಂಬುದನ್ನು ತಿಳಿಯಲು ಶೇಂಗಾ ಬೆಳೆಯ ಚರಿತ್ರೆಯನ್ನು ನೆನೆಯಬೇಕು. ಪಾವಗಡದ ಒಣಬೇಸಾಯ ಬಹುಮಟ್ಟಿಗೆ ಶೇಂಗಾ ಒಂದನ್ನೇ ನೆಚ್ಚಿತ್ತು. ಬೀಜಕ್ಕೆ ಸಾಲ ಮಾಡಿ ಬಿತ್ತುವುದು, ಹೂಬಿಡುವ ವೇಳೆಗೆ ಮಳೆ ಕೈಕೊಡುವುದು, ಬೆಂಗಳೂರಿಗೆ ಕೂಲಿಗೆ ಹೊರಡುವುದು, ಇದು ಇಲ್ಲಿನ ವರ್ಷಚಕ್ರವಾಗಿತ್ತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಇರುವ, ಪ್ರಾದೇಶಿಕ ಅಸಮಾನತೆಯನ್ನು ಕುರಿತ ನಂಜುಂಡಪ್ಪ ಸಮಿತಿಯ 2002ರ ವರದಿಯಲ್ಲಿ ಹಿಂದುಳಿದ ತಾಲ್ಲೂಕೆಂದು ಗುರುತಾದ ಸೀಮೆಯಲ್ಲಿ, ಮಳೆಯನ್ನು ಕೇಳದೆ ಬರುವ 21,000 ರೂಪಾಯಿ ಸಣ್ಣ ಮೊತ್ತವಲ್ಲ. ಹೊಲ ಮಾರದೆಯೇ ಹಣ ಕಾಣುವ ಈ ಏರ್ಪಾಡನ್ನು ಹಲವರು ಮನಃಪೂರ್ವಕವಾಗಿ ಸ್ವಾಗತಿಸಿದರು. ಹೊರಗಿನಿಂದ ನೋಡುವವರು ಇದನ್ನು ಹಗುರವಾಗಿ ತಳ್ಳಿಹಾಕಬಾರದು.

ಆದರೂ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಸಂಶೋಧಕನ ಕರ್ತವ್ಯ. ಸಾಮರ್ಥ್ಯದ ಶೇ. 22ರಷ್ಟನ್ನು ವರ್ಷದ ಸರಾಸರಿ ಉತ್ಪಾದನೆಯೆಂದು ಹಿಡಿದರೆ ಪಾರ್ಕಿನಿಂದ ವರ್ಷಕ್ಕೆ ಸುಮಾರು 395 ಕೋಟಿ ಯೂನಿಟ್ ವಿದ್ಯುತ್ ಬರುತ್ತದೆ. ದೇಶದ ಗ್ರಿಡ್ಡಿನಲ್ಲಿ ಯೂನಿಟ್ ಒಂದಕ್ಕೆ 0.7ರಿಂದ 0.8 ಕಿಲೋ ಇಂಗಾಲದ ಡೈ ಆಕ್ಸೈಡ್ ಎಂದು ಇಟ್ಟುಕೊಂಡರೆ ವರ್ಷಕ್ಕೆ 28ರಿಂದ 32 ಲಕ್ಷ ಟನ್ ತಪ್ಪುತ್ತದೆ. ಹೊರಸೂಸುವಿಕೆಯ ದೃಷ್ಟಿಯಿಂದ ಇದು ನಿಸ್ಸಂಶಯವಾಗಿ ದೊಡ್ಡ ಸಾಧನೆ. ಇನ್ನು ಹಣದ ಲೆಕ್ಕ: 13,000 ಎಕರೆಗೂ ಆರಂಭದ ದರವೇ ಸಲ್ಲುತ್ತದೆಂದು ಊಹಿಸಿದರೆ ವರ್ಷದ ಗುತ್ತಿಗೆ ರೂ. 27.3 ಕೋಟಿ. ಅದನ್ನು 395 ಕೋಟಿ ಯೂನಿಟ್ಟಿಗೆ ಹಂಚಿದರೆ ಯೂನಿಟ್ಟಿಗೆ ಬೀಳುವುದು ಸುಮಾರು 7 ಪೈಸೆ. 2016ರಲ್ಲಿ ಇಲ್ಲಿನ ವಿದ್ಯುತ್ ಯೂನಿಟ್ಟಿಗೆ ಸುಮಾರು ರೂ. 4.80ರ ದರದಲ್ಲಿ ಹರಾಜಾಯಿತು; ಕೆಲವೇ ವರ್ಷಗಳಲ್ಲಿ ಹೊಸ ಹರಾಜುಗಳ ದರ ಮೂರು ರೂಪಾಯಿಗೂ ಕೆಳಗಿಳಿದು 2.85ನ್ನು ಮುಟ್ಟಿತು. ಕಬ್ಬಿಗೆರೆಯನ್ನು ಬಾಳಗೊಡದ ಅದೇ 2.85 ತಿರುಮಣಿಯಲ್ಲಿ ಲಾಭದ ದರವಾಯಿತು; ಇಲ್ಲಿ ಇಂಧನಕ್ಕೆ ಬೆಲೆಯಿಲ್ಲ, ನೆಲಕ್ಕೆ 7 ಪೈಸೆ. ಎರಡು ವರ್ಷಕ್ಕೆ ಶೇ. 5ರ ಹೆಚ್ಚಳವೆಂದರೆ ವರ್ಷಕ್ಕೆ ಎರಡೂವರೆಗಿಂತ ಕಡಿಮೆ. ಅವಧಿಯ ಕೊನೆಗೆ ಎಕರೆಗೆ ಸುಮಾರು 39,600 ರೂಪಾಯಿ ಆಗುತ್ತದೆ. ಇಪ್ಪತ್ತೆಂಟು ವರ್ಷಗಳ ಬೆಲೆಯೇರಿಕೆಯ ಮುಂದೆ ಇದರ ನಿಜಮೌಲ್ಯ ಎಷ್ಟು ಉಳಿದೀತೆಂಬುದನ್ನು ಓದುಗರೇ ಊಹಿಸಬಹುದು.

ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತದೆ. ಪಹಣಿಯಲ್ಲಿ ಹೆಸರಿಲ್ಲದವರು ಈ ಚರಿತ್ರೆಯಲ್ಲಿ ಎಲ್ಲಿದ್ದಾರೆ? ಶೇಂಗಾ ಕೀಳುವ, ಕಾಯಿ ಬಿಡಿಸುವ ಕೂಲಿ ಮಾಡುತ್ತಿದ್ದ ಭೂಹೀನ ಕುಟುಂಬಗಳು, ಅದರಲ್ಲಿಯೂ ಹೆಂಗಸರು, ಕೆಲಸದ ನೆಲವನ್ನೇ ಕಳೆದುಕೊಂಡರು. ಪಾರ್ಕಿನಲ್ಲಿ ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು ಇಂಥ ಕೆಲಸಗಳುಂಟು. ಆದರೆ 13,000 ಎಕರೆ ಬೇಸಾಯ ಬೇಡುವಷ್ಟು ಕೈಗಳನ್ನು ಅವು ಬೇಡುವುದಿಲ್ಲ. ಬಗರ್ ಹುಕುಂ ಸಾಗುವಳಿದಾರರಿಗೆ ತೋರಿಸಲು ಕಾಗದವಿರಲಿಲ್ಲ. ಸುಗ್ಗಿಯಾದ ಮೇಲೆ ಕೂಳೆ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದ ಕುರುಬರಿಗೂ ಗೊಲ್ಲರಿಗೂ ಬೇಲಿ ಅಡ್ಡವಾಯಿತು. ಹೊಲ ಒಬ್ಬನದಾದರೂ ಕೊಯ್ಲಿನ ನಂತರದ ಮೇವು ಊರಿನದೆಂಬ ಹಳೆಯ ವಾಡಿಕೆಗೆ ಯಾವ ಒಪ್ಪಂದದಲ್ಲಿಯೂ ಕಲಮು ಇಲ್ಲ.

'ಬರಡು ಭೂಮಿ' ಎಂಬ ಪದವನ್ನೂ ಇಲ್ಲಿ ಪ್ರಶ್ನಿಸಬೇಕಾಗಿದೆ. ಯೋಜನೆಗಳ ಭಾಷೆಯಲ್ಲಿ ಬರಡೆನಿಸುವ ಇದೇ ಸೀಮೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾಯಿತು; ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಮರವಿಲ್ಲದ ನೆಲವೆಲ್ಲ ಖಾಲಿ ನೆಲವೆಂಬ ಎಣಿಕೆ ಕಂದಾಯ ಇಲಾಖೆಯ ಹಳೆಯ ವರ್ಗೀಕರಣದಿಂದ ಬಂದದ್ದು. ಬೆರಿ ಯೋಜನೆಯ ನೆಡುತೋಪು, ಪಾವಗಡದ ಫಲಕ ಇವೆರಡೂ ಈ ಎಣಿಕೆಯನ್ನೇ ಆಧರಿಸಿದ್ದವು ಎಂಬಲ್ಲಿ ಅವುಗಳ ನಡುವೆ ವ್ಯತ್ಯಾಸವಿಲ್ಲ.

ವ್ಯತ್ಯಾಸವಿರುವುದು ಬೇರೆಡೆ. ಕಬ್ಬಿಗೆರೆಯ ಘಟಕ 1,035 ಗಂಟೆಗಳಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಪಾವಗಡದ ಪಾರ್ಕು ಪೂರ್ಣ ಸಾಮರ್ಥ್ಯದಲ್ಲಿರುವಾಗ ಎರಡೂವರೆ ನಿಮಿಷದೊಳಗೆ ಕೊಡುತ್ತದೆ. ಟನ್ನುಗಳನ್ನಷ್ಟೇ ಎಣಿಸುವವರಿಗೆ ಚರ್ಚೆ ಇಲ್ಲಿಗೇ ಮುಗಿಯುತ್ತದೆ. ಆದರೆ ಆ 1,035 ಗಂಟೆಗಳಲ್ಲಿ ಊರಿನವರು ಎಂಜಿನ್ನಿನ ದನಿ ಕೇಳಿ ರೋಗ ಹೇಳಲು ಕಲಿತರು, ಕಟ್ಟಿಗೆಯ ತೇವ ಅಳೆಯಲು ಕಲಿತರು. ಪಂಚಾಯತಿ ವಿದ್ಯುತ್ ಮಾರಾಟದ ಲೆಕ್ಕ ಬರೆಯಿತು. ಪಾವಗಡದಲ್ಲಿ ಊರಿನಿಂದ ಬಯಸಿದ್ದು ನೆಲವನ್ನು ಮಾತ್ರ. ಅಲ್ಲಿನ ವಿದ್ಯುತ್ 400 ಕಿಲೋವೋಲ್ಟಿನ ತಂತಿಗಳಲ್ಲಿ ಊರ ಮೇಲಿಂದಲೇ ಹಾದು ಹೋಗುತ್ತದೆ. 2023ರ ಬರಗಾಲದಲ್ಲಿ ಜಲಾಶಯಗಳು ಬರಿದಾಗಿ ರಾಜ್ಯಕ್ಕೆ ವಿದ್ಯುತ್ ಸಾಲದಾದಾಗ ಪಂಪ್‌ಸೆಟ್ಟುಗಳಿಗೆ ಕೊಡುತ್ತಿದ್ದ ಏಳು ಗಂಟೆಯ ಮೂರು ಫೇಸ್ ವಿದ್ಯುತ್ ಐದಕ್ಕೆ ಇಳಿಯಿತು. ಸೂರ್ಯ ಮುಳುಗಿದ ಮೇಲೆ ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲೇ ಈಗಲೂ ಗತಿ. ಪಂಪ್‌ಸೆಟ್ಟುಗಳ ಫೀಡರಿಗೇ ಹಗಲು ಸೌರವಿದ್ಯುತ್ ಒದಗಿಸುವ, 2019ರ ಕೇಂದ್ರ ಯೋಜನೆಯಡಿಯ ಸಣ್ಣ ಘಟಕಗಳಲ್ಲಿ ಮಾತ್ರ ಹೊಸಹಳ್ಳಿಯ ಆಲೋಚನೆ ಇನ್ನೊಂದು ರೂಪದಲ್ಲಿ ಮರಳಿ ಬರುತ್ತಿರುವಂತಿದೆ.

ಈ ವಿಷಯದ ಮುಂದಿನ ಸಂಶೋಧನೆಗೆ ಬೇಕಾದ ಆಕರಗಳು ಶಾಸನಗಳಷ್ಟು ಗಟ್ಟಿಯಾದವಲ್ಲ. ಘಟಕದ ದಿನವಹಿ ಪುಸ್ತಕಗಳು, ಗ್ರಾಮ ಅರಣ್ಯ ಸಮಿತಿಗಳ ನಡಾವಳಿಗಳು, ಪಂಚಾಯತಿಯ ಜಮಾ-ಖರ್ಚು ಇವು ಕಾಗದದ ವಸ್ತುಗಳು. ಯೋಜನೆ ಮುಗಿದೊಡನೆ ಇಂಥವಕ್ಕೆ ವಾರಸುದಾರರಿರುವುದಿಲ್ಲ. ಗುತ್ತಿಗೆ ಪತ್ರಗಳು ನೋಂದಣಿ ಕಚೇರಿಯಲ್ಲಿರುತ್ತವೆ, ಮೇವಿನ ವಾಡಿಕೆಗಳು ಹಿರಿಯರ ಬಾಯಲ್ಲಿವೆ. ಜಿಲ್ಲಾ ಮಟ್ಟದಲ್ಲಿ ಇವನ್ನು ಸಂಗ್ರಹಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಬೇಗ ಕೈಗೊಳ್ಳುವುದು ಅಗತ್ಯ. 250 ಎಕರೆಯ ಒಂದೊಂದು ತುಂಡಿನೊಳಗೆ ಈಗ ಹತ್ತಾರು ಹಿಡುವಳಿಗಳು ಒಂದೇ ಬೇಲಿಯಡಿ ಸೇರಿವೆ. ಬದು ಎಲ್ಲಿತ್ತು, ಯಾರ ಹೊಲ ಎಲ್ಲಿಗೆ ಮುಗಿಯುತ್ತಿತ್ತು ಎಂಬುದನ್ನು ಸರ್ವೆ ನಕಾಶೆಯ ಹೊರತು ನೆಲದ ಮೇಲೆ ಗುರುತಿಸುವುದು ಕಷ್ಟ. ಗುತ್ತಿಗೆಯ ಇಪ್ಪತ್ತೆಂಟು ವರ್ಷ ತುಂಬುವುದು 2040ರ ದಶಕದ ನಡುವಿನಲ್ಲಿ. ಅಂದು ಆ ನಕಾಶೆಗಳನ್ನು ಹಿಡಿದು ಹೊಲ ಹುಡುಕಬೇಕಾದವರು ಒಪ್ಪಂದಕ್ಕೆ ಸಹಿ ಹಾಕಿದವರ ಮಕ್ಕಳು ಮತ್ತು ಮೊಮ್ಮಕ್ಕಳು.